ಮೊದಲು ಬೀಳುವ ಹಾರ

ಕ್ಯಾಲನೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ನೆಂಟರಿಷ್ಟರಿಗಿಂತ ಮೊದಲು ಬಂದು ನಿಲ್ಲುತ್ತಿದ್ದದ್ದು ಅನಿಲ್‌ಕುಮಾರನ ಬಿಳಿ ಕಾರು. ಹಿಂದಿನ ಸೀಟಿನಲ್ಲಿ ಒದ್ದೆ ಬಟ್ಟೆ ಸುತ್ತಿದ ಹಾರ. ಚಪ್ಪಲಿ ಕಾರಿನಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿಯುತ್ತಿದ್ದ. ಹೆಣದ ಕಾಲ ಕಡೆಯಿಂದ ಹೋಗಬೇಕು. ಮೊದಲು ಹಾರ, ಆಮೇಲೆ ಸತ್ತವರ ಮಗನ ಭುಜದ ಮೇಲೆ ಕೈ, ಅದಾದ ಮೇಲೆ ಹೆಂಗಸರ ಕಡೆ ತಿರುಗಿ ಮಾತಿಲ್ಲದೆ ಒಂದು ನಮಸ್ಕಾರ. ಇಷ್ಟನ್ನೂ ಅವನಿಗೆ ಕಲಿಸಿದವರು ಅವನ ಅಪ್ಪ ಕೋದಂಡರಾಮಪ್ಪ. "ಮೊದಲು ಬಿದ್ದ ಹಾರ ಮನೆಯೋರಿಗೆ ನೆನಪಿರುತ್ತೆ ಕಣೋ. ಎರಡನೇದರಿಂದ ಆಚೆಗೆಲ್ಲ ಬರೀ ಹೂವು," ಎನ್ನುತ್ತಿದ್ದರು.

ಮದುವೆಯಾಗಿ ಬಂದ ಹೊಸತರಲ್ಲಿ ಮೇಘನ ಇದನ್ನು ಗಂಡನ ಒಳ್ಳೆಯತನ ಅಂದುಕೊಂಡಿದ್ದಳು. ಅವಳು ಮಾಲೂರಿನವಳು. ಬೆಂಗಳೂರಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದಿದವಳು. ಊರಿನವರ ಕಷ್ಟಕ್ಕೆ ಓಡುವ ಗಂಡ ಸಿಕ್ಕಿದನಲ್ಲ ಎಂದು ಗೆಳತಿಯರ ಹತ್ತಿರ ಹೇಳಿಕೊಂಡೂ ಇದ್ದಳು. ದಿನ ಕಳೆದ ಮೇಲೆ ಗೊತ್ತಾಯಿತು, ಅದು ಒಳ್ಳೆಯತನ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಅದು ಅವನ ಕಸುಬು. ಸಂಬಳ ಮಾತ್ರ ಇನ್ನೂ ಯಾರೂ ಗೊತ್ತುಮಾಡಿಲ್ಲ.

ಕೋದಂಡರಾಮಪ್ಪ ಒಂದು ಕಾಲಕ್ಕೆ ಹಾಲಿನ ಡೈರಿಯ ಅಧ್ಯಕ್ಷರಾಗಿದ್ದವರು. ತಾಲ್ಲೂಕು ಪಂಚಾಯಿತಿಗೆ ನಿಂತು ಸೋತರು. ಸೋತ ದಿನವೇ ಜಮೀನು ಭಾಗ ಮಾಡಿದ ಹಾಗೆ ಇಬ್ಬರು ಗಂಡುಮಕ್ಕಳನ್ನು ಭಾಗ ಮಾಡಿಬಿಟ್ಟರು. ಹಿರಿಯವನು ಜನಕ್ಕೆ, ಕಿರಿಯವನು ಹೊಲಕ್ಕೆ. ಆಗ ಅನಿಲ ಹಲ್ಲು ಬಿದ್ದ ಬಾಯಿಯ ಹುಡುಗ. ಅವತ್ತಿನಿಂದ ಅವನು ಹಸುವಿನ ಕೆಚ್ಚಲು ಮುಟ್ಟುವ ಹಾಗಿಲ್ಲ, ಗುದ್ದಲಿ ಹಿಡಿಯುವ ಹಾಗಿಲ್ಲ. "ಜನಕ್ಕೆ ಮುಗಿಯೋ ಕೈ ಅದು, ಸಗಣಿ ವಾಸನೆ ಬರಬಾರದು." ಕೊಟ್ಟಿಗೆಯ ಬಾನಿಯನ್ನು ಬೋರಲು ಹಾಕಿ, ಅದರ ಮೇಲೆ ನಿಲ್ಲಿಸಿ ಭಾಷಣ ಮಾಡಿಸುತ್ತಿದ್ದರಂತೆ.

"ಕೇಳೋಕೆ ಯಾರಿದ್ರು ಅಂತೀಯ? ನಾನು, ಎರಡು ಎಮ್ಮೆ," ಎಂದು ಅತ್ತೆ ಭಾರತಮ್ಮ ರಾಗಿ ಕೇರುತ್ತ ಹೇಳುತ್ತಿದ್ದರು. "ಎಮ್ಮೆ ತಲೆ ಆಡಿಸಿದ್ರೆ ಇವರು, ನೋಡೋ ಒಪ್ಕೊಂತು, ಅನ್ನೋರು. ಅದು ನೊಣ ಓಡಿಸ್ತಿತ್ತು ಕಣಮ್ಮ!"

ಅನಿಲ ಹೈಸ್ಕೂಲು ದಾಟಿದ ಮೇಲೆ ಬಿಳಿ ಅಂಗಿ ಬಿಟ್ಟು ಬೇರೆ ಬಣ್ಣ ಹಾಕಲಿಲ್ಲ. ಊರ ಹುಡುಗರು ಕ್ರಿಕೆಟ್ ಆಡುವಾಗ ಅವನು ಆಡಲಿಲ್ಲ, ಗೆದ್ದವರಿಗೆ ಕಪ್ಪು ಕೊಟ್ಟ. ಯಾರ ಮನೆಯಲ್ಲಿ ಕೂತರೂ ಎರಡು ತುತ್ತು ತಿನ್ನದೆ ಏಳಲಿಲ್ಲ. ಯಾರು ಸಿಕ್ಕರೂ ಮೊದಲು ಹಸು ಕರು ಹಾಕಿತಾ ಎಂದು ಕೇಳಿ, ಆಮೇಲೆ ಹೆಂಡತಿ ಮಕ್ಕಳ ಸಮಾಚಾರ ಕೇಳಿದ. ಅವನ ತಮ್ಮ ಉಮೇಶ ಅಷ್ಟರೊಳಗೆ ಹಿಪ್ಪುನೇರಳೆ ಹಾಕಿ, ರೇಷ್ಮೆ ಹುಳು ಸಾಕಿ, ಹಸು ಕಟ್ಟಿ ನೆಲೆಯಾದ. ಅಣ್ಣನ ಕಾರಿಗೆ ಡೀಸೆಲ್ಲು ಬರುತ್ತಿದ್ದದ್ದು ತಮ್ಮನ ಹಾಲಿನಿಂದ. ಉಮೇಶ ಒಂದು ದಿನವೂ ಅದನ್ನು ಎತ್ತಿ ಆಡಿದವನಲ್ಲ. ಆದರೆ ಸಾವಿನ ಮನೆಗೆ ಹೋಗಿ ಬಂದವರ ಗಾಳಿ ಹುಳುವಿಗೆ ತಾಗಬಾರದು ಎಂಬ ನೇಮ ಉಂಟಲ್ಲ, ಅಣ್ಣನನ್ನು ಹುಳುಮನೆಯ ಹೊಸಿಲು ತುಳಿಯಲು ಬಿಡುತ್ತಿರಲಿಲ್ಲ. ಹೀಗಾಗಿ ಅನಿಲನಿಗೆ ತನ್ನದೇ ಮನೆಯ ಅನ್ನ ಎಲ್ಲಿ ಹುಟ್ಟುತ್ತದೆ ಎನ್ನುವುದು ಹೊರಗಿನಿಂದ ಮಾತ್ರ ಗೊತ್ತು.

ಮೇಘನಳಿಗೂ ಒಂದು ನೇಮವಿತ್ತು. ಸಾವಿನ ಮನೆಯಿಂದ ಬಂದವನು ಹಿತ್ತಿಲಿನ ತೊಟ್ಟಿಯಲ್ಲಿ ತಲೆಗೆ ನೀರು ಹಾಕಿಕೊಳ್ಳದೆ ಮಗುವನ್ನು ಮುಟ್ಟಬಾರದು. ಅವಳ ಮಗಳು ಜನನಿಗೆ ಅಪ್ಪ ಅಂದರೆ ಒದ್ದೆ ತಲೆ. ಯಾವಾಗಲಾದರೂ ಒಣ ತಲೆಯಲ್ಲಿ ಎತ್ತಿಕೊಳ್ಳಲು ಬಂದರೆ "ಸ್ನಾನ ಆಯ್ತಾ?" ಎಂದು ಕೇಳುತ್ತಿದ್ದಳು.

ಜನನಿ ಹುಟ್ಟಿದಾಗ, ಹೆಣ್ಣು ಎಂದು ನರ್ಸು ಹೇಳಿದ ಕೂಡಲೇ ಮೇಘನಳ ಎದೆ ಹಗುರಾಗಿತ್ತು. ಮನೆಯಲ್ಲಿ ಯಾರಿಗೂ ಅದನ್ನು ಹೇಳಲಿಲ್ಲ. ಗಂಡಾಗಿದ್ದರೆ ಬಾನಿ ಮತ್ತೆ ಬೋರಲಾಗುತ್ತಿತ್ತು. ಹೆಸರು ಇಡುವಾಗಲೂ ಮಾವ ಅಷ್ಟೇನೂ ಆಸಕ್ತಿ ತೋರಲಿಲ್ಲ. "ನಿಮಗೆ ಬೇಕಾದ್ದು ಇಟ್ಕೊಳ್ಳಿ" ಎಂದು ಎದ್ದು ಹೋದರು. ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಿ ಬೆಳೆಸಿದವಳು ಚಿಕ್ಕಗಂಗಮ್ಮ, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಮುದುಕಿ. ಮುದುಕಿಯ ಉಗುರು, ಅವಳ ಹೊಗೆಸೊಪ್ಪು, ಅವಳ ಕೈಯ ಬಿಸಿನೀರು ಎಲ್ಲದಕ್ಕೂ ಮೇಘನಳಿಗೆ ಹೆದರಿಕೆಯೇ. ಬಚ್ಚಲ ಬಾಗಿಲಲ್ಲೇ ನಿಂತಿರುತ್ತಿದ್ದಳು.

"ಏನಮ್ಮ ನೀನು, ಪೋಲೀಸ್ನೋರ ಹಂಗೆ ನಿಂತಿದ್ದೀಯ. ನಿನ್ನ ಗಂಡನಿಗೂ ನಾನೇ ಕಣಮ್ಮ ನೀರು ಹಾಕಿದ್ದು. ಕರಗಿ ಹೋದ್ನಾ?" ಎನ್ನುತ್ತಿದ್ದಳು ಚಿಕ್ಕಗಂಗಮ್ಮ.

ಜಿಲ್ಲಾ ಪಂಚಾಯಿತಿ ಚುನಾವಣೆ ಈ ಯುಗಾದಿಗೆ ಬರುತ್ತದೆ, ಬರುವ ದೀಪಾವಳಿಗೆ ಬರುತ್ತದೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಕ್ಷೇತ್ರ ಒಡೆದರು, ಕೂಡಿಸಿದರು, ಮೀಸಲಾತಿ ಹಾಕಿದರು, ಕೋರ್ಟಿಗೆ ಹೋದರು. ಅನಿಲ ಮಾತ್ರ ಇವತ್ತೋ ನಾಳೆಯೋ ಓಟು ಎನ್ನುವ ಹಾಗೆ ಊರೂರು ತಿರುಗುತ್ತಿದ್ದ. ಹೀಗಿರುವಾಗ ಒಂದು ದಿನ ಜನನಿಗೆ ಜ್ವರ ನೆತ್ತಿಗೇರಿ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಅನಿಲ ಆಗ ದೇವರಾಯಸಮುದ್ರದಲ್ಲಿ ಯಾರದೋ ಮಣ್ಣಿಗೆ ಹೋಗಿದ್ದ. ಹೆಣ ಎತ್ತುವ ಮುಂಚೆ ಹೊರಟರೆ ಚೆನ್ನಾಗಿರುವುದಿಲ್ಲ ಎಂದು ಫೋನಿನಲ್ಲಿ ಪಿಸುಗುಟ್ಟಿದ. ಮೇಘನ ಹಾಲಿನ ಕ್ಯಾನು ಸಾಗಿಸುವ ಗಾಡಿಯಲ್ಲಿ ಮಗುವನ್ನು ಮಡಿಲಿಗೆ ಹಾಕಿಕೊಂಡು ಕೋಲಾರಕ್ಕೆ ಓಡಿದಳು. ಮಗು ಚೇತರಿಸಿಕೊಂಡಿತು. ಗಂಡ ಬಂದಾಗ ಆಸ್ಪತ್ರೆಯ ವರಾಂಡದಲ್ಲೇ ಅವನನ್ನು ತಡೆದಳು.

"ಮುಟ್ಟಬೇಡಿ. ಸ್ನಾನ ಮಾಡಿಲ್ಲ ನೀವು."

"ಇಲ್ಲಿ ಎಲ್ಲಿ ಸ್ನಾನ ಮಾಡ್ಲಿ ಮೇಘು?"

"ಊರಲ್ಲಿ ಸತ್ತೋರನ್ನೆಲ್ಲ ಹೋಗಿ ನೋಡ್ತೀರ. ಬದುಕಿರೋ ಮಗೂನ ಯಾವಾಗ್ರೀ ನೋಡೋದು?"

ಅವನು ಗೋಡೆಗೆ ಒರಗಿದ. ಆಮೇಲೆ ಹೇಳಿದ, "ಈ ಒಂದು ಸಲ. ಟಿಕೆಟ್ ಸಿಕ್ಕಿದ್ರೆ ಸಿಕ್ತು. ಸಿಗ್ಲಿಲ್ಲ ಅಂದ್ರೆ ಎಲ್ಲಾ ಬಿಟ್ಬಿಡ್ತೀನಿ. ಕೋಲಾರದಲ್ಲಿ ಮನೆ ಮಾಡೋಣ. ಕದಿರೇಶನ ಅಂಗಡೀಲಿ ಸೇರ್ಕೊಂತೀನಿ. ನಿನ್ನಾಣೆ."

ಕದಿರೇಶ ಅವನ ಕಾಲೇಜಿನ ಗೆಳೆಯ, ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟವನು. ಅಂತರಗಂಗೆ ಬೆಟ್ಟ ಕಾಣುವ ಒಂದು ಮಹಡಿ ಮನೆ ಬಾಡಿಗೆಗೆ ಇರುವುದನ್ನೂ ಅವನೇ ತೋರಿಸಿದ. ಮೇಘನ ಆ ಮನೆಯ ಕಿಟಕಿ ಸರಳುಗಳ ನಡುವೆ ಕೈ ತೂರಿಸಿ, ಮಗುವಿನ ತಲೆ ತೂರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದಳು. ಅಲ್ಲಿಂದ ಅವಳಿಗೆ ಒಂದೇ ಜಪ. ಈ ಟಿಕೆಟ್ಟು ಸಿಗಬೇಕು, ಇಲ್ಲವೇ ಸಿಗಬಾರದು. ಎರಡರಲ್ಲಿ ಒಂದು ಬೇಗ ಆಗಬೇಕು.

ಟಿಕೆಟ್ಟು ಇದ್ದದ್ದು ಶ್ರೀನಿವಾಸಪುರದ ಮುರಳಿಮೋಹನ್ ಅವರ ಕೈಯಲ್ಲಿ. ಮಾವಿನ ಮಂಡಿಯ ಯಜಮಾನರು, ಪಕ್ಷದ ಹಿರಿಯರು, ಕ್ಯಾಲನೂರು ಕಡೆ ಯಾರು ನಿಲ್ಲಬೇಕು ಎನ್ನುವುದು ಅವರ ಒಂದು ಗೋಣಿನ ಆಟ. ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆಗೆ ಸೇರಿ ಮನೆಗೆ ಮರಳಿದ್ದರು. ಅನಿಲ ದಿನಾ ಬೆಳಿಗ್ಗೆ ಅವರ ಮನೆಗೆ ಫೋನ್ ಮಾಡಿ ಅಡುಗೆಯ ಮುತ್ಯಾಲಮ್ಮನ ಹತ್ತಿರ ಆರೋಗ್ಯ ವಿಚಾರಿಸುತ್ತಿದ್ದ. ಅವರು ಕಣ್ಣು ಬಿಟ್ಟಾಗ ಯಾರ ಹೆಸರು ಕಿವಿಗೆ ಬೀಳುತ್ತದೋ ಅವನಿಗೆ ಟಿಕೆಟ್ಟು, ಎಂಬುದು ಕೋದಂಡರಾಮಪ್ಪನವರ ಲೆಕ್ಕ.

ಒಂದು ಬೆಳಿಗ್ಗೆ ಅನಿಲ ಬಚ್ಚಲಲ್ಲಿದ್ದ. ಅವನ ಫೋನು ಬಡಿದುಕೊಂಡಿತು, ಮೇಘನ ಎತ್ತಿದಳು. ಅತ್ತ ಕಡೆ ಮುತ್ಯಾಲಮ್ಮ, ಗಂಟಲು ಕಟ್ಟಿದ ದನಿ.

"ಅಯ್ಯಗಾರು ಪೊದ್ದುನ್ನೇ ಪೋಯಿನಾರಮ್ಮಾ. ಎವರಿಕೀ ಚೆಪ್ಪಕುಂಡಾ ಪೋಯಿನಾರು."

ಮೇಘನಳ ತೆಲುಗು ಮದುವೆಯ ನಂತರದ್ದು, ಅಂಗಡಿ ಬೀದಿಯ ತೆಲುಗು. ಆದರೂ ಇದು ಅರ್ಥವಾಯಿತು. ಯಜಮಾನರು ಬೆಳಿಗ್ಗೆಯೇ ಹೋದರು, ಯಾರಿಗೂ ಹೇಳದೆ ಹೋದರು. ಹೋಗುವುದು ಎಂದರೆ ಏನು ಅಂತ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಅಂಗಡಿಗೆ ಹೋಗುವವರೂ ಹೋಗ್ತೀನಿ ಅನ್ನಬಾರದು, ಹೋಗ್ಬರ್ತೀನಿ ಅನ್ನಬೇಕು ಎಂದು ಅಜ್ಜಿಯ ಕೈಲಿ ಬೈಸಿಕೊಂಡೇ ಬೆಳೆದವಳು. ಬರೀ 'ಹೋದ್ರು' ಅಂದರೆ ಆ ಹೋಗುವಿಕೆಗೆ ಬರುವುದು ಇಲ್ಲ. ಅದರಲ್ಲೂ ಈ ಮನೆಗೆ ಬರುವ ಫೋನುಗಳೆಲ್ಲ ಅಂಥವೇ.

"ಅಯ್ಯೋ ರಾಮ!" ಎಂದು ಬಚ್ಚಲ ಬಾಗಿಲು ಬಡಿದಳು. "ರೀ, ಮುರಳಿಮೋಹನ್ ಅವರು ಹೋದ್ರಂತೆ!"

ಅನಿಲ ಸೋಪಿನ ನೊರೆಯಲ್ಲೇ ಹೊರಗೆ ಬಂದ. ಕೋದಂಡರಾಮಪ್ಪ ಜಗಲಿಯಿಂದಲೇ ಕೂಗಿದರು, "ನಿಂತ್ಕೊಂಡು ಏನ್ ನೋಡ್ತೀಯೋ! ಬೇರೆ ಆಕಾಂಕ್ಷಿಗಳು ಹೊರಟಿರ್ತಾರೆ. ಹಾರ ದೊಡ್ಡದಿರಲಿ!"

ತಿರುಗಿ ಫೋನ್ ಮಾಡಿ ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದರೂ, ಸಾವಿನ ಮನೆಗೆ ಫೋನ್ ಮಾಡಿ ಸತ್ತದ್ದು ನಿಜವಾ ಎಂದು ಕೇಳುವುದುಂಟೇ? ಅನಿಲ ಕಾರಿನಿಂದಲೇ ಕೋಲಾರದ ಫ್ಲೆಕ್ಸ್ ಅಂಗಡಿ ಚಂದ್ರುವಿಗೆ ಹೇಳಿದ. ಕಾರು ಶ್ರೀನಿವಾಸಪುರ ಮುಟ್ಟುವ ಮೊದಲೇ ಚಂದ್ರು ಮಾಡಿದ ಚಿತ್ರ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಿಗೆಲ್ಲ ಮುಟ್ಟಿತ್ತು. ಮೇಲೆ ಮುರಳಿಮೋಹನ್ ಅವರ ನಗುಮುಖ, ಕೆಳಗೆ 'ಮತ್ತೆ ಹುಟ್ಟಿ ಬನ್ನಿ', ಅದರ ಕೆಳಗೆ ಅವರಿಗಿಂತ ಸ್ವಲ್ಪವೇ ಚಿಕ್ಕದಾಗಿ ಕೈಮುಗಿದ ಅನಿಲ್‌ಕುಮಾರ್.

ಮುಂದಿನದನ್ನು ಮೇಘನ ನೋಡಿದ್ದು ಫೋನಿನಲ್ಲಿ. ಓರಗಿತ್ತಿ ಅನಿತ ಒಲೆಯ ಮುಂದೆ ಓಡಿ ಬಂದು, "ಅಕ್ಕ, ಭಾವ ವೀಡಿಯೋದಲ್ಲಿ ಬಂದವ್ರೆ" ಎಂದು ಫೋನನ್ನು ಮುಂದೆ ಹಿಡಿದಳು. ದೊಡ್ಡ ಮನೆಯ ಗೇಟು. ಮುಂದೆ ಒಂದು ಗುಂಪು ಜನ, ಶಾಮಿಯಾನದ ಕೊಳವೆ ಇಳಿಸುತ್ತಿರುವ ಆಳುಗಳು, ಹೆಣ ಇಡುವ ಗಾಜಿನ ಪೆಟ್ಟಿಗೆ ಹೊತ್ತ ಗಾಡಿ. ಬಾಗಿಲಲ್ಲಿ ಮುತ್ಯಾಲಮ್ಮ ಮೂಗು ಒರೆಸಿಕೊಳ್ಳುತ್ತ ಏನೋ ಕೂಗುತ್ತಿದ್ದಾಳೆ, ಯಾರೂ ಕೇಳುತ್ತಿಲ್ಲ. ಬರಿಗಾಲಲ್ಲಿ, ಹಾರ ಹೊತ್ತು, ತಲೆ ತಗ್ಗಿಸಿ ನಿಂತ ಅನಿಲ. ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಹಣೆಗೆ ಕುಂಕುಮ, ಕೈಯಲ್ಲಿ ಕಾಣಿಪಾಕದ ಗಣಪತಿಯ ಲಡ್ಡು ಹಿಡಿದುಕೊಂಡು ಮುರಳಿಮೋಹನ್ ಅವರೇ ಇಳಿದರು. ಟಿಕೆಟ್ ಕೇಳುವವರ ಕಾಟ ತಪ್ಪಿಸಿಕೊಳ್ಳಲು ಯಾರಿಗೂ ಹೇಳದೆ ನಸುಕಿನಲ್ಲೇ ಅಳಿಯನ ಜೊತೆ ದೇವರಿಗೆ ಹೋಗಿದ್ದರು. ಮುತ್ಯಾಲಮ್ಮನಿಗೆ ನೆಗಡಿಯಾಗಿತ್ತು. ನಡೆದದ್ದು ಇಷ್ಟೇ.

ವೀಡಿಯೋ ಮುರಳಿಮೋಹನ್ ಅವರ ಮುಖಕ್ಕೆ ತಿರುಗಿತು. ಮುದುಕರು ಗಾಜಿನ ಪೆಟ್ಟಿಗೆ ನೋಡಿದರು, ಹಾರ ನೋಡಿದರು.

"ಏನಪ್ಪಾ ಅನಿಲ್‌ಕುಮಾರ, ಬೇಗ ಬಂದ್ಬಿಟ್ಟಿದ್ದೀಯಲ್ಲ."

"ಅಣ್ಣ... ಅದು... ಪೋಯಿನಾರು ಅಂದ್ರು..."

"ಪೋಯಿನಾನು. ಮಳ್ಳೀ ವಚ್ಚಿನಾನು ಕದಾ. ಹೋಗಿದ್ದೆ, ಬಂದೆ. ತಪ್ಪಾಯ್ತಾ?" ಅಂದರು. ಜನ ನಗಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮುದುಕರು ಕತ್ತು ಮುಂದಕ್ಕೆ ಚಾಚಿದರು. "ತಂದಿದ್ದೀಯಲ್ಲ, ಹಾಕು. ಬದುಕಿರೋನ ಕತ್ತೋ ಸತ್ತೋನ ಕತ್ತೋ, ಹೂವಿಗೇನು ಗೊತ್ತು?"

ಅನಿಲ ಹಾರ ಹಾಕಿದ. ಅಭ್ಯಾಸದ ಕೈ. ಹಾಕಿದ ಮೇಲೆ ಪಕ್ಕದಲ್ಲಿ ನಿಂತಿದ್ದ ಅಳಿಯನ ಭುಜದ ಮೇಲೆ ಕೈ ಇಟ್ಟುಬಿಟ್ಟ.

ಆಗ ಜನ ನಕ್ಕರು.

ಸಂಜೆಯೊಳಗೆ ಆ ನಗು ಮುಳಬಾಗಿಲು ದಾಟಿ ಬೈರಕೂರು ಮುಟ್ಟಿತ್ತು. ಅಲ್ಲಿಂದ ಅವನ ಹೆಸರು ಅಡ್ವಾನ್ಸ್ ಅನಿಲ. ಕಾಯಿಲೆಯವರಿರುವ ಮನೆಯ ಮುಂದೆ ಬಿಳಿ ಕಾರು ನಿಧಾನ ಮಾಡಿದರೆ ಹೆಂಗಸರು ಹೊರಗೆ ಬಂದು, "ನಮ್ಮಲ್ಲಿ ಇನ್ನೂ ಇಲ್ಲ ಕಣಪ್ಪ, ಮುಂದಕ್ಕೆ ಹೋಗು" ಎನ್ನತೊಡಗಿದರು. ಶ್ರೀನಿವಾಸಪುರದಿಂದ ಸುದ್ದಿ ಬಂತು, ಮುರಳಿಮೋಹನ್ ಅವರಿಗೆ ಕೋಪ ಏನಿಲ್ಲವಂತೆ, ಹುಡುಗನನ್ನು ಕಂಡರೆ ಪಾಪ ಅನ್ನಿಸುತ್ತದಂತೆ. ಆದರೆ ಪ್ರಚಾರಕ್ಕೆ ಅವನು ಹೋದ ಕಡೆಯಲ್ಲೆಲ್ಲ ಜನ ನಕ್ಕರೆ ಪಕ್ಷದ ಗತಿ ಏನು?

ಕೋದಂಡರಾಮಪ್ಪ ಮಗನನ್ನು ಬೈಯಲಿಲ್ಲ. ಊಟಕ್ಕೆ ಕೂತಾಗ, ಬಡಿಸುತ್ತಿದ್ದ ಸೊಸೆಯ ಕಡೆ ನೋಡದೆ ಹೇಳಿದರು, "ಬೆಂಗಳೂರಲ್ಲಿ ಓದಿಸಿದ್ದಾರೆ. ಒಂದು ಫೋನ್ ಎತ್ತಕ್ಕೆ ಬರಲ್ಲ." ಮೇಘನ ಅವರ ತಟ್ಟೆಗೆ ಸಾರು ಹಾಕಿದಳು. ಅವರ ಮಾತು ನಿಜವಾಗಿತ್ತು. ಅವಳ ಒಂದು ಮಾತಿನಿಂದ ಗಂಡನ ಇಷ್ಟು ವರ್ಷದ ಬದುಕು ನಗೆಪಾಟಲಾಗಿ ಹೋಗಿತ್ತು. ಅಷ್ಟಾದರೂ ಒಳಗೆಲ್ಲೋ, ಅವಳಿಗೇ ನಾಚಿಕೆಯಾಗುವ ಹಾಗೆ, ಒಂದು ಹಗುರ. ಟಿಕೆಟ್ಟು ಹೋಯಿತು. ಇನ್ನು ಕೋಲಾರದ ಮನೆ.

ಅನಿಲ ಮಾತಿಗೆ ತಪ್ಪಲಿಲ್ಲ. ಕದಿರೇಶನ ಅಂಗಡಿಗೆ ಹೋದ. ಬಿಳಿ ಅಂಗಿ ಹಾಕಿಕೊಂಡೇ ಹೋದ. ಮೇಘನ ಮಗಳ ಬಟ್ಟೆ ಮಡಚಿ ಪೆಟ್ಟಿಗೆಗೆ ಇಡಲು ಶುರು ಮಾಡಿದಳು. ಒಂದು ವಾರ ತುಂಬುವ ಮೊದಲೇ ಕದಿರೇಶ ಮನೆಗೆ ಬಂದು ಜಗಲಿಯ ತುದಿಯಲ್ಲಿ ಮುದುರಿ ಕೂತ.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಇವನಿಗೆ ವ್ಯಾಪಾರ ಬರಲ್ಲ. ಗಿರಾಕಿ ಬಂದ್ರೆ ಎದ್ದು ನಿಂತು ಕೈಮುಗೀತಾನೆ. ಅವನು ಹೆದರ್ಕೊಂಡು, ಯಾರಣ್ಣ ಸತ್ತಿದ್ದು, ಅಂತಾನೆ."

"ಇಲ್ವೋ, ಮರ್ಯಾದೆ ಕೊಡ್ಬೇಕಲ್ವೇನೋ..." ಅಂದ ಅನಿಲ.

"ಪೈಪಿನ ರೇಟು ಕೇಳಿದ್ರೆ ಹಸು ಕರು ಹಾಕ್ತಾ ಅಂತೀಯಲ್ಲೋ! ಬೆಲೆ ಹೇಳೋಕೆ ನಾಚ್ಕೊಂತೀಯ, ಹೋಗ್ಲಿ ಬಿಡಣ್ಣ ತಗೊಂಡ್ಹೋಗು ಅಂತೀಯ. ಅಂಗಡಿ ನಂದು ಕಣೋ!"

ಮೂವರೂ ನಕ್ಕರು. ನಕ್ಕು ಮುಗಿದ ಮೇಲೆ ಕದಿರೇಶ ಎದ್ದು ಚಪ್ಪಲಿ ಮೆಟ್ಟಿದ. ಉಮೇಶ ಅಣ್ಣನನ್ನು ಕರೆದು ಎರಡು ಹಸು ಬೇರೆ ಮಾಡಿ ಕೊಡುತ್ತೇನೆ ಎಂದ. ಅನಿಲ ಕೊಟ್ಟಿಗೆಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಕೆಚ್ಚಲಿಗೆ ಕೈ ಹಾಕಿದ. ಹಸು ಒದೆಯಲಿಲ್ಲ, ತಿರುಗಿ ನೋಡಿತು ಅಷ್ಟೆ. ಒಂದು ತೊಟ್ಟು ಹಾಲು ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೇಘನಳಿಗೆ ಕಂಡದ್ದು ಗಂಡನ ಬೆನ್ನು. ಬಿಳಿ ಅಂಗಿಯ ಆ ಅಗಲ ಬೆನ್ನು, ಊರಿಗೆಲ್ಲ ಭುಜ ಕೊಟ್ಟ ಆ ಆಳು, ಮನೆಯ ಒಂದು ಹಸುವಿನ ಮುಂದೆ ಪರದೇಶಿಯ ಹಾಗೆ ಕೂತಿತ್ತು. ಇವನಿಗೆ ಬರುವುದು ಒಂದೇ ಕೆಲಸ. ಆ ಕೆಲಸವನ್ನು ಬೇರೆಯವರು ಕೊಡಬೇಕು.

ಆ ಮಳೆಗಾಲದಲ್ಲೇ ಟೀವಿಯಲ್ಲಿ ಹೆಂಗಸರ ಮೀಸಲಾತಿಯ ಚರ್ಚೆ ನಡೆಯುತ್ತಿತ್ತು. ಕೋದಂಡರಾಮಪ್ಪ ಎಂದೂ ಇಲ್ಲದಷ್ಟು ಕಿವಿಗೊಟ್ಟು ಕೇಳಿದರು. ಮಾರನೆಯ ದಿನ ಕಾಫಿ ಕುಡಿಯುತ್ತ, ಜಗಲಿಯಲ್ಲಿ ಬೊಂಬೆಗೆ ಊಟ ಮಾಡಿಸುತ್ತಿದ್ದ ಮೊಮ್ಮಗಳನ್ನೇ ನೋಡುತ್ತ ಕೂತರು.

"ಭಾರತಿ, ಇವಳ ಹೆಸರೇನು ಅಂದೆ?"

"ಅಯ್ಯೋ, ಮೊಮ್ಮಗಳ ಹೆಸರು ಗೊತ್ತಿಲ್ವಾ ನಿಮಗೆ? ಜನನಿ."

"ಜನನಿ. ಜ-ನ-ನಿ." ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ ಹೇಳಿದರು. "ಜನ ಅನ್ನೋದು ಹೆಸರಲ್ಲೇ ಐತಲ್ಲೇ! ಇವಳು ದೊಡ್ಡೋಳಾಗೋ ಹೊತ್ತಿಗೆ ಎಲ್ಲಾ ಹೆಂಗಸರ ಸೀಟೇ. ಬಾರಮ್ಮ ಇಲ್ಲಿ, ಬಾ. ತಾತನಿಗೆ ನಮಸ್ಕಾರ ಮಾಡು. ಹಂಗಲ್ಲ, ಕೈ ಎದೆ ಹತ್ರ. ಸ್ವಲ್ಪ ಬಗ್ಗು. ನಗು. ಜಾಸ್ತಿ ನಗಬೇಡ."

ಅಡುಗೆಮನೆಯಿಂದ ಓಡಿ ಬಂದ ಮೇಘನ ಹೇಳಿದಳು, "ಮಾವ, ಅವಳಿನ್ನೂ ಅಂಗನವಾಡಿ ಮಗು."

"ಅನಿಲನಿಗೆ ಹಲ್ಲು ಬಿದ್ದ ಮೇಲೆ ಶುರು ಮಾಡಿದೆ. ಅದೇ ತಡ ಆಗಿದ್ದು," ಅಂದರು ಕೋದಂಡರಾಮಪ್ಪ. ಮಗನ ವಿಷಯದಲ್ಲಿ ಅವರು ಕಂಡುಕೊಂಡ ತಪ್ಪು ಅದೊಂದೇ.

ಮೇಘನ ಮಗುವನ್ನು ಎತ್ತಿಕೊಂಡು ಮಾಲೂರಿಗೆ ಹೋದಳು, ತವರಿಗೆ. ನೆಮ್ಮದಿಯಾಗಿ ನಿದ್ದೆ ಮಾಡುವ ಮೊದಲೇ ಬಿಳಿ ಕಾರು ಅಲ್ಲಿಗೂ ಬಂತು. ಕೋದಂಡರಾಮಪ್ಪ ಬರಿಗೈಲಿ ಬರಲಿಲ್ಲ, ಒಂದು ಮಂಕರಿ ಟೊಮೆಟೊ ತಂದಿದ್ದರು. ಬೀಗರ ಆರೋಗ್ಯ ವಿಚಾರಿಸಿದರು, ಎರಡು ತುತ್ತು ತಿಂದರು, ಸೊಸೆಯ ಮೇಲೆ ಒಂದು ಮಾತು ಆಡಲಿಲ್ಲ. ಅವರು ಹೊರಗೆ ಕೈ ತೊಳೆಯಲು ಹೋದಾಗ ಮೇಘನಳ ಅಪ್ಪ ಹೇಳಿದರು, "ಎಂಥಾ ದೊಡ್ಡ ಮನುಷ್ಯ ಕಣೇ. ನಮಸ್ಕಾರ ಮಾಡೋದು ಕಲಿಸಿದ್ರೆ ತಪ್ಪೇನಮ್ಮ? ಒಳ್ಳೇದೇ ಅಲ್ವಾ?" ಏನು ತಪ್ಪು ಎಂದು ಅವಳು ಒಳಗೇ ಲೆಕ್ಕ ಹಾಕಿದಳು. ಒಂದೊಂದನ್ನೇ ತೆಗೆದು ನೋಡಿದರೆ ಯಾವುದೂ ತಪ್ಪಲ್ಲ. ಕೈಮುಗಿಯುವುದು, ದೊಡ್ಡವರನ್ನು ಮಾತಾಡಿಸುವುದು, ದುಃಖದ ಮನೆಗೆ ಹೋಗುವುದು. ಎಲ್ಲ ಸೇರಿದಾಗ ಅನಿಲನಾಗುತ್ತದೆ ಎಂದು ಯಾರಿಗೆ ಹೇಗೆ ಬಿಡಿಸಿ ಹೇಳುವುದು? ಗಂಡ ಕಾರಿನ ಹತ್ತಿರ ನಿಂತು ಬಾಗಿಲು ತೆರೆದು ಕಾಯುತ್ತಿದ್ದ. ಅವಳು ಹತ್ತಿದಳು.

ಕಾರ್ತೀಕದ ಚಳಿಗೆ ಚಿಕ್ಕಗಂಗಮ್ಮ ತೀರಿಕೊಂಡಳು. ಸುದ್ದಿ ಬಂದಾಗ ಮೇಘನ ಮಗಳ ತಲೆ ಬಾಚುತ್ತಿದ್ದಳು. ಕಣ್ಣು ತುಂಬಿತು, ಬಚ್ಚಲ ಬಾಗಿಲಲ್ಲಿ ನಿಂತು ಆ ಮುದುಕಿಯನ್ನು ಎಷ್ಟು ಅನುಮಾನಪಟ್ಟಿದ್ದೆ ಎಂದು ನೆನಪಾಯಿತು. ಅಷ್ಟರಲ್ಲಿ ಮಾವ ಒಳಗೆ ಬಂದರು. ಮಗುವಿಗೆ ಹೊಸ ಬಿಳಿ ಫ್ರಾಕು ತರಿಸಿದ್ದರು. ಯಾವಾಗ ತರಿಸಿದ್ದರೋ!

"ಮಗೂನ ಕಳಿಸಮ್ಮ."

"ಬೇಡ ಮಾವ. ಹೆಣ ನೋಡಿದ್ರೆ ಹೆದರ್ಕೊಂತಾಳೆ. ಗಾಳಿ ಗೀಳಿ ತಾಗುತ್ತೆ. ಮೊನ್ನೆ ತಾನೆ ಕೆಮ್ಮು ಬಿಟ್ಟಿದೆ."

"ಇವಳ ಮೈ ತಿಕ್ಕಿ ಬೆಳೆಸಿದೋಳು ಅವಳು. ಒಂದು ಹೂ ಹಾಕೋದು ಬೇಡ್ವಾ? ಆ ಋಣನೂ ಬೇಡ ಅಂತೀಯಾ?"

ಸತ್ತವಳು ಬೇರೆ ಯಾರಾಗಿದ್ದರೂ ಮೇಘನ ಬಿಡುತ್ತಿರಲಿಲ್ಲ. ತಾನೂ ಜೊತೆಗೆ ಬರುತ್ತೇನೆ ಎಂದಳು. "ನೀನು ಬಂದ್ರೆ ನಿನ್ನ ಸೆರಗು ಹಿಡ್ಕೊಂಡು ಅಳ್ತಾಳೆ," ಎಂದು ಮಾವ ಮಗುವನ್ನು ಎತ್ತಿಕೊಂಡು ಹೊರಟರು.

ಮೇಘನ ಕಾರಿನ ಕಿಟಕಿಗೆ ಓಡಿದಳು. ಸ್ಟೀರಿಂಗ್ ಹಿಡಿದು ಕೂತ ಗಂಡನಿಗೆ ಮಾತ್ರ ಕೇಳುವ ಹಾಗೆ, "ಬೇಡ ಅನ್ನಿ ರೀ. ನೀವು ಒಂದ್ಸಲ ಬೇಡ ಅನ್ನಿ" ಅಂದಳು.

ಅನಿಲ ಹಿಂದೆ ತಿರುಗಿ ನೋಡಿದ. ಹಿಂದಿನ ಸೀಟಿನಲ್ಲಿ ಅಪ್ಪ, ಅಪ್ಪನ ತೊಡೆಯ ಮೇಲೆ ಮಗಳು, ಮಗಳ ಮಡಿಲಲ್ಲಿ ಒದ್ದೆ ಬಟ್ಟೆ ಸುತ್ತಿದ ಪುಟ್ಟ ಹಾರ.

"ಅಪ್ಪನಿಗೆ ಬೇಡ ಅನ್ನೋದು ನಂಗೆ ಯಾರೂ ಕಲಿಸ್ಲಿಲ್ಲ ಮೇಘು," ಅಂದ. ಹೇಳಿ ನಗಲು ನೋಡಿದ, ಆಗಲಿಲ್ಲ.

"ಅಮ್ಮ, ಹೋಗ್ತೀನಿ," ಎಂದು ಮಗು ಕೈ ಬೀಸಿತು.

"ಹೋಗ್ಬರ್ತೀನಿ ಅನ್ನು! ಜನನಿ, ಹೋಗ್ಬರ್ತೀನಿ ಅನ್ನು ಮಗಳೇ!" ಕಾರು ಅಷ್ಟರಲ್ಲಿ ಡೈರಿಯ ತಿರುವು ದಾಟಿತ್ತು.

ಅವಳು ಹಂಡೆಗೆ ನೀರು ತುಂಬಿ ಉರಿ ಹಾಕಿದಳು. ಸೋಪು, ಟವೆಲು, ಬೇರೆ ಬಟ್ಟೆ ತೊಟ್ಟಿಯ ಕಟ್ಟೆಯ ಮೇಲೆ ಇಟ್ಟಳು. ತೆಗೆದು ಮತ್ತೆ ಇಟ್ಟಳು. ಮಗು ಬೆಚ್ಚಿದರೆ ನಿವಾಳಿಸಲು ಉಪ್ಪು ಮೆಣಸಿನಕಾಯಿ ಎತ್ತಿಟ್ಟಳು. ಇಂಥದ್ದನ್ನೆಲ್ಲ ನಂಬುವವಳಲ್ಲ ಅವಳು, ಆದರೂ ಇಟ್ಟಳು. ನೀರು ಕಾದು, ಆರಿ, ಇನ್ನೊಮ್ಮೆ ಕಾಯಿತು.

ಕಾರು ಬಂದ ಕೂಡಲೇ ಭಾರತಮ್ಮನೇ ಮಗುವನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ತಲೆಗೆ ನೀರು ಹಾಕಿದರು. ಮೇಘನ ಟವೆಲು ಹಿಡಿದು ಬಾಗಿಲಲ್ಲಿ ನಿಂತಳು. ಕೋದಂಡರಾಮಪ್ಪ ಜಗಲಿಯಲ್ಲಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು, "ನೋಡಬೇಕಾಗಿತ್ತು ನೀನು. ಸತ್ತೋಳ ಸೊಸೆ ಅಳ್ತಾ ಇದ್ರೆ, ನಮ್ಮ ಮಗು ಹೋಗಿ ಅವಳ ಕೆನ್ನೆ ಒರೆಸಿಬಿಡ್ತು. ಹೇಳಿಕೊಡದೆ! ಊರಿಗೆ ಊರೇ ಕಣ್ಣೀರು ಹಾಕ್ತು."

ಒದ್ದೆ ತಲೆಯ ಮಗು ಹಿತ್ತಿಲ ಬಾಗಿಲು ದಾಟಿ ಬಂತು. ಮೇಘನ ಮಂಡಿಯೂರಿ ಟವೆಲು ಚಾಚಿದಳು.

"ಅಜ್ಜಿ ನೋಡಿ ಹೆದರಿಕೆ ಆಯ್ತಾ ಬಂಗಾರಿ? ಅಳು ಬಂತಾ? ಅಮ್ಮನ ಹತ್ರ ಅಳು, ಪರವಾಗಿಲ್ಲ."

"ಊಂಹೂ. ನಾವು ಅಳ್ಬಾರ್ದಂತೆ. ಬೇರೆಯವರು ಅಳ್ಬೇಕಂತೆ."

ಹಾಗೆಂದ ಜನನಿ ಟವೆಲಿನೊಳಗೆ ಬರಲಿಲ್ಲ. ಒಂದು ಹೆಜ್ಜೆ ಆಚೆ ನಿಂತು, ನೀರು ಸುರಿಯುವ ಕೈ ಎರಡನ್ನೂ ಎದೆಯ ಹತ್ತಿರ ಜೋಡಿಸಿ, ಸ್ವಲ್ಪ ಬಗ್ಗಿ, ಹೆಚ್ಚಲ್ಲದ ಒಂದು ನಗು ನಕ್ಕು, ಅಮ್ಮನಿಗೆ ನಮಸ್ಕಾರ ಮಾಡಿದಳು.